ಜ್ವರ ಬಂದು ಎಷ್ಟು ದಿನಕ್ಕೆ ಬಂದಿರಿ?

ನವೆಂಬರ್ 24, ಸೋಮವಾರ

ಜ್ವರದ ವಾರ್ಡಿನಲ್ಲಿ ಇಪ್ಪತ್ತೆರಡು ಹಾಸಿಗೆ, ಇವತ್ತು ಇಪ್ಪತ್ತಾರು ಜನ. ನಾಲ್ವರಿಗೆ ವರಾಂಡದಲ್ಲಿ ಮಡಿಸುವ ಮಂಚ ಹಾಕಿಸಿದೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ದಾರಿ. ಮೊದಲು ಗಂಟಲು, ಆಮೇಲೆ ಮೈಕೈ ನೋವು, ನಾಲ್ಕನೆಯ ದಿನಕ್ಕೆ ಉಸಿರು. ದೀಪಾವಳಿ ಆದಮೇಲೆ ಶುರುವಾದ ಈ ಫ್ಲೂ ಇನ್ನೂ ಇಳಿಯುವ ಲಕ್ಷಣವಿಲ್ಲ.

ಮಧ್ಯಾಹ್ನ ಡಾಕ್ಟರ್ ಶಶಿಕಾಂತ್ ತಮ್ಮ ಕೋಣೆಗೆ ಕರೆದು ಒಂದು ಫಾರಂ ಕೊಟ್ಟರು. ತಾವೇ ಕುಳಿತು ತಯಾರಿಸಿದ್ದು. ಹನ್ನೊಂದು ಪ್ರಶ್ನೆಗಳಿವೆ. ವಯಸ್ಸು ಅರವತ್ತು ದಾಟಿದೆಯೇ, ಸಕ್ಕರೆ ಕಾಯಿಲೆ ಇದೆಯೇ, ಬಿಪಿ, ಹೃದಯ, ಕಿಡ್ನಿ, ದಮ್ಮು, ಬೀಡಿ ಸಿಗರೇಟು, ಅತಿಯಾದ ತೂಕ, ಗರ್ಭಿಣಿಯೇ, ಫ್ಲೂ ಚುಚ್ಚುಮದ್ದು ತಪ್ಪಿದೆಯೇ. ಕೊನೆಯದು, ಜ್ವರ ಬಂದು ಎಷ್ಟು ದಿನಕ್ಕೆ ಆಸ್ಪತ್ರೆಗೆ ಬಂದಿರಿ. ಎರಡು ದಿನ ಮೀರಿದರೆ ಅದಕ್ಕೂ ಒಂದು ಅಂಕ. ಐದು ಅಂಕ ದಾಟಿದವರ ಮೇಲೆ ವಿಶೇಷ ನಿಗಾ, ಏಕೆಂದರೆ ಐಸಿಯುನಲ್ಲಿ ಇರುವುದು ಎಂಟೇ ಹಾಸಿಗೆ.

"ಯಾರು ಐಸಿಯುಗೆ ಹೋಗ್ತಾರ ಅಂಬೋದು ಅವರು ಏದುಸಿರು ಬಿಡಾಕಿಂತ ಮೊದ್ಲ ನಮಗ ತಿಳೀಬೇಕು, ಶೈಲಜಾ. ಇದನ್ನ ನಿಮ್ಮಷ್ಟು ಸರಿಯಾಗಿ ಯಾರೂ ತುಂಬಂಗಿಲ್ಲ," ಎಂದರು.

ನನಗೆ ಹಿಡಿಸಿತು. ಸಿಸ್ಟರ್ ಆಗಿ ಹತ್ತೊಂಬತ್ತು ವರ್ಷ ಮುಖ ನೋಡಿ ಅಂದಾಜು ಮಾಡಿದ್ದಾಯಿತು. ಇನ್ನು ಅಂದಾಜಿಗೊಂದು ಅಂಕೆ ಇರುತ್ತದೆ. ಸಂಜೆಯೊಳಗೆ ನಾಲ್ಕು ಫಾರಂ ತುಂಬಿದೆ. ಬೆಡ್ ಮೂರರವನು ನಮ್ಮ ಕುರುಗೋಡಿನವನೇ, ಕಲ್ಲು ಒಡೆಯುವವನು, ಆರನೆಯ ದಿನಕ್ಕೆ ಬಂದಿದ್ದಾನೆ. ಆರು ದಿನ ಏನು ಮಾಡುತ್ತಿದ್ದೆ ಎಂದು ಜೋರು ಮಾಡಿದೆ. ಗೋಡೆಯ ಕಡೆ ಹೊರಳಿದ. ಓದಿದವರು, ಓದದವರು, ಯಾರಿಗೂ ಬುದ್ಧಿಯಿಲ್ಲ. ಅರ್ಧ ಕಾಯಿಲೆ ಅವರು ಮನೆಯಲ್ಲೇ ಮಾಡಿಕೊಂಡು ಬರುತ್ತಾರೆ.

ನವೆಂಬರ್ 26, ಬುಧವಾರ

ಬೆಡ್ ಹದಿನಾಲ್ಕಕ್ಕೆ ಎಂಟು ಅಂಕ. ಇಲ್ಲಿಯವರೆಗಿನ ಹೆಚ್ಚಿನದು. ಎರ್ರಣ್ಣ, ಅರವತ್ತೇಳು, ಸಿರುಗುಪ್ಪ ತಾಲೂಕಿನ ದೇಶನೂರು. ಸಕ್ಕರೆ, ಬಿಪಿ, ಒಮ್ಮೆ ಹೃದಯದ ತೊಂದರೆ, ಹಳೆಯ ದಮ್ಮು, ಬೀಡಿ, ಚುಚ್ಚುಮದ್ದೂ ಇಲ್ಲ. ಜ್ವರ ಬಂದು ನಾಲ್ಕನೆಯ ದಿನ. ಆಕ್ಸಿಜನ್ ಎಂಬತ್ತೆಂಟು.

ಅವನ ಜೊತೆ ಸೊಸೆ ಒಬ್ಬಳೇ. ಸಣ್ಣ ಹುಡುಗಿ, ಚುರುಕು. ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಟ್ಟಳು. ಇನ್ಸುಲಿನ್ ಎಷ್ಟು ಗಂಟೆಗೆ, ಯಾವ ಮಾತ್ರೆ ಊಟಕ್ಕೆ ಮೊದಲು, ಎಲ್ಲಾ ಬಾಯಿಪಾಠ. ಬೀಡಿಯ ವಿಷಯಕ್ಕೆ ಮಾತ್ರ ಮಾವನ ಮುಖ ನೋಡಿ ದನಿ ತಗ್ಗಿಸಿದಳು. "ದಿನಕ್ಕ ಎಲ್ಡು ಕಟ್ಟು ಇತ್ರಿ. ನಾ ಬಂದಮ್ಯಾಲ ಒಂದ ಕಟ್ಟಿಗೆ ಇಳಿಸೀನಿ." ಮುದುಕ ಮಾಸ್ಕಿನೊಳಗಿಂದಲೇ ಗುರುಗುಟ್ಟಿದ. ತೆಲುಗಿನಲ್ಲಿ ಅವಳನ್ನು ಅಮ್ಮಾಯಿ, ಅಂದರೆ ಹುಡುಗಿ, ಎಂದು ಕರೆಯುತ್ತಾನೆ.

ಇವಳ ಗಂಡ ಭತ್ತ ಕೊಯ್ಯುವ ಮಷಿನ್ ಓಡಿಸುವವನು. ಕಟಾವಿಗೆಂದು ಆಂಧ್ರದ ಕಡೆ ಹೋಗಿ ತಿಂಗಳಾಯಿತಂತೆ. ಅತ್ತೆಗೆ ಮೊಣಕಾಲು ನೋವು. ಮೂರು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಇವಳು ಬಂದಿದ್ದಾಳೆ. ನಾಲ್ಕು ದಿನ ಏಕೆ ಕಾದಿರಿ ಎಂದು ಇವಳಿಗೂ ಬೈದೆ. ಮಾವನ ಹೊದಿಕೆ ಸರಿಮಾಡಿದಳು.

ನವೆಂಬರ್ 27, ಗುರುವಾರ

ಬೆಡ್ ಹದಿನಾಲ್ಕು ಮಹಾ ಹಠಮಾರಿ. ಮಾಸ್ಕ್ ಕಿತ್ತುಹಾಕುತ್ತಾನೆ, ನನ್ನ ಕೈಕೆಳಗಿನ ನರ್ಸ್ ಹುಡುಗಿಯರು ಹಾಕಿದರೆ ತಳ್ಳುತ್ತಾನೆ. ಸೊಸೆ ಹಿಡಿದುಕೊಂಡರೆ ಮಾತ್ರ ತೆಪ್ಪಗಿರುತ್ತಾನೆ. ಅವಳೇ ಬೆನ್ನು ತಟ್ಟಿ ಕಫ ತೆಗೆಸುತ್ತಾಳೆ, ಅವಳೇ ಗಂಜಿ ಕುಡಿಸುತ್ತಾಳೆ. ಎರಡು ಹಾಸಿಗೆಗಳ ನಡುವೆ ನೆಲದ ಮೇಲೆ ಚಾದರ ಹಾಸಿಕೊಂಡಿದ್ದಾಳೆ. ಮುಖಕ್ಕೆ ಕಟ್ಟಿಕೊಳ್ಳಲು ಒಂದು ಮಾಸ್ಕ್ ಕೊಟ್ಟಿದ್ದೆ. ಅದನ್ನೇ ತೊಳೆದು ಗ್ಲೂಕೋಸ್ ಸ್ಟ್ಯಾಂಡಿಗೆ ಒಣಹಾಕಿದ್ದಳು. ಹೀಗೆ ತೊಳೆಯಬಾರದು ಎಂದೆ, ಇನ್ನೊಂದು ಕೊಡಬೇಕೆಂದುಕೊಂಡೆ. ಅಷ್ಟರಲ್ಲಿ ಇಬ್ಬರು ಹೊಸಬರು ಬಂದರು.

ಇಂಥ ಜೊತೆಗಾರರು ಇದ್ದರೆ ನಮ್ಮ ಅರ್ಧ ಕೆಲಸ ಕಡಿಮೆ.

ನವೆಂಬರ್ 29, ಶನಿವಾರ

ಎರ್ರಣ್ಣನನ್ನು ಐಸಿಯುಗೆ ಸಾಗಿಸಿದೆವು. ಬೆಳಿಗ್ಗೆ ಹತ್ತಕ್ಕೆ ಆಕ್ಸಿಜನ್ ಎಪ್ಪತ್ತೊಂಬತ್ತಕ್ಕೆ ಇಳಿದಿತ್ತು. ನಿನ್ನೆಯೇ ಡಾಕ್ಟರರಿಗೆ ಹೇಳಿ ಒಂದು ಹಾಸಿಗೆ ಕಾಯ್ದಿರಿಸಿದ್ದೆ. ಇಪ್ಪತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರ್ ಎಲ್ಲರೆದುರು ಹೇಳಿದರು. ಈವರೆಗೆ ಐಸಿಯುಗೆ ಹೋದ ಆರು ಮಂದಿಯಲ್ಲಿ ಐವರ ಅಂಕ ಐದಕ್ಕಿಂತ ಮೇಲೆ. ಫಾರಂ ಸುಳ್ಳು ಹೇಳುವುದಿಲ್ಲ. ಬಹಳ ದಿನಗಳ ಮೇಲೆ ಕೆಲಸದಲ್ಲಿ ಸಂತೋಷ ಅನ್ನಿಸಿತು.

ಸೊಸೆ ಈಗ ಮೂರನೆಯ ಮಹಡಿಯಲ್ಲಿ, ಐಸಿಯು ಬಾಗಿಲ ಹೊರಗೆ, ಉಳಿದ ಜೊತೆಗಾರರ ನಡುವೆ ಕೂರುತ್ತಾಳೆ. ತಲೆ ಸಿಡಿಯುತ್ತಿದೆ ಎಂದು ಕೆಳಗಿಳಿದು ಬಂದಿದ್ದಳು. ನೆಲದ ಮೇಲೆ ಮಲಗಿದರೆ ಸಿಡಿಯದೆ ಏನು. ಒಂದು ಪ್ಯಾರಾಸಿಟಮಾಲ್ ಕೊಟ್ಟೆ.

ಡಿಸೆಂಬರ್ 1, ಸೋಮವಾರ

ಬೆಡ್ ಆರರವರು ತೀರಿಕೊಂಡರು. ಆರು ಅಂಕ. ಒಟ್ಟು ಫಾರಂ ಮೂವತ್ತೆಂಟು. ಊಟಕ್ಕೆ ಹೊತ್ತಿರಲಿಲ್ಲ.

ಎರ್ರಣ್ಣನ ಸೊಸೆ ಮತ್ತೆ ಮಾತ್ರೆಗೆ ಬಂದಳು. ಮೈ ಬೆಚ್ಚಗಿತ್ತು. ಕೆಳಗೆ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ತೋರಿಸಿಕೋ ಎಂದೆ. ಅಲ್ಲಿ ಸಾಲು ಹನ್ನೆರಡರವರೆಗೂ ಕರಗುವುದಿಲ್ಲ, ಅಷ್ಟರಲ್ಲಿ ಒಳಗಿನವರು ಔಷಧಿ ತರಲು ಎರ್ರಣ್ಣನ ಕಡೆಯವರು ಎಂದು ಕರೆದರೆ ಯಾರೂ ಇರುವುದಿಲ್ಲವಲ್ಲ ಎಂದಳು. ಅದೂ ನಿಜವೇ. ಈಗ ಇದನ್ನು ನುಂಗು, ಸಂಜೆ ತೋರಿಸು ಎಂದು ಮಾತ್ರೆ ಕೊಟ್ಟು ಕಳಿಸಿದೆ.

ಡಿಸೆಂಬರ್ 2, ಮಂಗಳವಾರ

ಇಪ್ಪತ್ತೊಂಬತ್ತು ಜನ. ಇಬ್ಬರು ಸ್ಟಾಫ್ ನರ್ಸುಗಳು ಜ್ವರದಲ್ಲಿ ರಜೆ. ಸೊಸೆ ಮೂರನೆಯ ಸಲ ಬಂದಾಗ ಹತ್ತರ ಸ್ಟ್ರಿಪ್ಪನ್ನೇ ಕೊಟ್ಟುಬಿಟ್ಟೆ. ಪದೇಪದೇ ಮೆಟ್ಟಿಲು ಹತ್ತಿ ಇಳಿಯುವುದು ಬೇಡ ಎಂದೆ. ಸಂತೋಷಪಟ್ಟಳು.

ಡಿಸೆಂಬರ್ 4, ಗುರುವಾರ

ಕಸ ಗುಡಿಸುವ ಹನುಮಮ್ಮ ಬೆಳಿಗ್ಗೆ ಒಂಬತ್ತಕ್ಕೆ ಓಡಿ ಬಂದಳು. ಐಸಿಯು ಹೊರಗೆ ಒಂದು ಹುಡುಗಿ ಗೋಡೆಗೊರಗಿ ಕೂತಿದ್ದಾಳೆ, ಕರೆದರೆ ಕಣ್ಣು ಬಿಡುವುದಿಲ್ಲ ಎಂದಳು. ಹೋಗಿ ನೋಡಿದೆ. ತುಟಿ ನೀಲಿ. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದೆ, ಎಪ್ಪತ್ತೊಂದು. ಎರಡನೆಯ ಬೆರಳಿಗೆ ಹಾಕಿದೆ, ಅಷ್ಟೇ. ಬಾಗಿಲು ನಾಲ್ಕು ಹೆಜ್ಜೆ ದೂರವಿತ್ತು. ನಾನೂ ಹನುಮಮ್ಮನೂ ಎತ್ತಿಕೊಂಡೇ ಒಳಗೆ ಹೋದೆವು.

ಮಾವನ ಹಾಸಿಗೆ ಎರಡು, ಇವಳದು ಐದು. ನಡುವೆ ಪರದೆ. ಅವನಿಗೆ ಗೊತ್ತಿಲ್ಲ.

ಬಟ್ಟೆ ಬದಲಿಸುವಾಗ ಹೊಟ್ಟೆ ನೋಡಿದೆ. ಸ್ಕ್ಯಾನ್ ಮಾಡಿಸಿದರು. ನಾಲ್ಕು ತಿಂಗಳು. ಅತ್ತೆಗೆ ಫೋನ್ ಮಾಡಿದರೆ ಅವರಿಗೂ ಗೊತ್ತಿರಲಿಲ್ಲ. ಹೋದ ವರ್ಷ ಒಂದು ಮೂರನೆಯ ತಿಂಗಳಿಗೇ ಜಾರಿತ್ತಂತೆ. ಈ ಸಲ ಐದು ತುಂಬುವವರೆಗೂ ಯಾರಿಗೂ ಹೇಳಬಾರದೆಂದುಕೊಂಡಿರಬೇಕು.

ಫಾರಂ ತುಂಬಬೇಕಿತ್ತು. ಹೆಸರಿನ ಜಾಗಕ್ಕೆ ಬಂದಾಗ ನನಗೆ ಗೊತ್ತಿರಲಿಲ್ಲ. ಎಂಟು ದಿನದಿಂದ ಎರಡು ಹೊತ್ತೂ ಕಂಡ ಹುಡುಗಿ. ಅತ್ತೆ ಫೋನಿನಲ್ಲಿ ಹೇಳಿದರು, ಮೀನಾ. ವಯಸ್ಸು ಇಪ್ಪತ್ತಾರು. ಸಕ್ಕರೆ ಇಲ್ಲ, ಬಿಪಿ ಇಲ್ಲ, ದಮ್ಮಿಲ್ಲ. ಗರ್ಭಿಣಿ, ಒಂದು ಅಂಕ. ಚುಚ್ಚುಮದ್ದು ಇಲ್ಲ, ಒಂದು. ಕೊನೆಯ ಪ್ರಶ್ನೆಗೆ ಬಂದಾಗ ಡಾಕ್ಟರ್ ಶಶಿಕಾಂತ್, ಜ್ವರ ಯಾವಾಗ ಶುರುವಾಯಿತೆಂದು ಮನೆಯವರನ್ನು ಕೇಳಿ ಎಂದರು. ಮನೆಯವರಿಗೆ ಹೇಗೆ ಗೊತ್ತಿರುತ್ತದೆ. ಗೊತ್ತಿದ್ದವಳು ನಾನೊಬ್ಬಳೇ.

ಅದನ್ನು ಖಾಲಿ ಬಿಟ್ಟು ಬಂದಿದ್ದೇನೆ.

ಡಿಸೆಂಬರ್ 5, ಶುಕ್ರವಾರ

ಕೃತಕ ಉಸಿರಾಟದ ಯಂತ್ರಕ್ಕೆ ಹಾಕಿದರು. ಮೂರು ಸಲ ಮೇಲೆ ಹೋಗಿ ಬಂದೆ. ವಾರ್ಡಿನಲ್ಲಿ ಯಾರನ್ನೂ ಬೈಯಲಿಲ್ಲ, ಬೈಯುವ ತ್ರಾಣವಿರಲಿಲ್ಲ.

ಡಿಸೆಂಬರ್ 6, ಶನಿವಾರ

ಗಂಡ ಬಂದ. ಹುಲಿಗೇಶ್ ಎಂದು ಹೆಸರು. ಮಷಿನ್ನಿನ ಧೂಳು ಇನ್ನೂ ಕಿವಿಯ ಹಿಂದೆ ಇತ್ತು. ಮೂರು ಬಸ್ಸು ಬದಲಿಸಿ ಬಂದಿದ್ದಾನೆ. ಗಾಜಿನಿಂದ ಒಳಗೆ ನೋಡಿದ. ಮೊದಲು ಅಪ್ಪನನ್ನು ಗುರುತಿಸಿದ. ಅವಳು ಯಾವ ಹಾಸಿಗೆ ಎಂದು ನಾನು ತೋರಿಸಬೇಕಾಯಿತು.

ಡಾಕ್ಟರ್ ಎಲ್ಲಾ ವಿವರಿಸಿ ಹೋದಮೇಲೆ ನನ್ನ ಹತ್ತಿರ ಬಂದು, ನೀವೇ ಏನು ಶೈಲಜಾ ಸಿಸ್ಟರ್ ಎಂದು ಕೇಳಿದ. ಹೌದೆಂದೆ. ಎರಡೂ ಕೈ ಜೋಡಿಸಿದ.

"ಫೋನಿನಾಗ ದಿನಾ ನಿಮ್ಮ ಹೆಸರು ಹೇಳ್ತಿದ್ಲು ರೀ. ಜ್ವರ ಬಂದೈತಿ, ಆದ್ರ ಇಲ್ಲೊಬ್ರು ಸಿಸ್ಟರ್ ಅದಾರ, ಅಕ್ಕನಂಗ ನೋಡ್ತಾರ, ಗುಳಿಗಿ ಕೊಟ್ಟಾರ. ನೀ ಬರಬ್ಯಾಡ, ಕಟಾವು ಮುಗಿಸ್ಕಂಡೇ ಬಾ ಅಂತಿದ್ಲು. ಅದಕ್ಕ ನಾ ನಿಂತೆ."

ಹೇಳಲು ಬಾಯಿ ತೆರೆದೆ. ಊಟ ಆಯಿತೇ ಎಂದು ಕೇಳಿದೆ.

ಡಿಸೆಂಬರ್ 7, ಭಾನುವಾರ

ರಜೆ. ಪಾರ್ವತಿನಗರದ ಈ ಮನೆಯಲ್ಲಿ ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವ ಬೇಸರ ಹಳೆಯದು. ಇವತ್ತು ಒಲೆಯನ್ನೇ ಹಚ್ಚಲಿಲ್ಲ. ಮಧ್ಯಾಹ್ನ ನಡೆದುಕೊಂಡೇ ಗಾಂಧಿನಗರದವರೆಗೆ ಹೋಗಿ ಆಸ್ಪತ್ರೆಯ ಗೇಟಿನಿಂದ ಹಿಂದಿರುಗಿದೆ.

ಡಿಸೆಂಬರ್ 8, ಸೋಮವಾರ

ಮೀನಾಳ ಹೊಟ್ಟೆಯ ಕೂಸು ಹೋಯಿತು. ಎರ್ರಣ್ಣ ಗಂಜಿ ಕುಡಿದ.

ಡಿಸೆಂಬರ್ 9, ಮಂಗಳವಾರ

ಎರ್ರಣ್ಣನನ್ನು ಐಸಿಯುನಿಂದ ನನ್ನ ವಾರ್ಡಿಗೆ ಇಳಿಸಿದರು. ಈಗ ಹಗಲು ಮೂಗಿನ ನಳಿಗೆ ಸಾಕು, ರಾತ್ರಿಗೆ ಮಾತ್ರ ಮಾಸ್ಕ್. ಎಂಟು ಅಂಕದವನು ಬದುಕಿದ್ದಾನೆ ಎಂದು ಡಾಕ್ಟರ್ ಮೂರು ಜನ ಕಿರಿಯ ವೈದ್ಯರನ್ನು ಕರೆದು ತೋರಿಸಿದರು.

ಮುದುಕ ಬಂದ ಕೂಡಲೇ ಅಮ್ಮಾಯಿ ಎಲ್ಲಿ ಎಂದ. ಮಗಳಿಗೆ ಹುಷಾರಿಲ್ಲ, ಊರಿಗೆ ಹೋಗಿದ್ದಾಳೆ ಎಂದು ಹುಲಿಗೇಶ್ ಹೇಳಿದ. ಮುದುಕ ನನ್ನ ಕಡೆ ನೋಡಿದ. ಹೌದು, ಹೋಗಿದ್ದಾಳೆ ಎಂದೆ.

ಡಿಸೆಂಬರ್ 10, ಬುಧವಾರ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮೀನಾ ಹೋದಳು.

ನಾನು ಆ ಹೊತ್ತಿಗೆ ಮೇಲೆಯೇ ಇದ್ದೆ. ನಲವತ್ತು ನಿಮಿಷ ಎದೆ ಒತ್ತಿದರು. ಕೊನೆಯ ಹತ್ತು ನಿಮಿಷ ನಾನು ಒತ್ತಿದೆ. ಸಾಕು ಎಂದು ಡಾಕ್ಟರ್ ನನ್ನ ಮೊಣಕೈ ಹಿಡಿದರು.

ಹುಲಿಗೇಶ್ ಅಳಲಿಲ್ಲ. ಆಂಬುಲೆನ್ಸಿನಲ್ಲಿ ಯಾರು ಜೊತೆಗೆ ಹೋಗುವುದು, ಅಪ್ಪನ ಹತ್ತಿರ ಯಾರು ಇರುವುದು ಎಂದು ಅದೊಂದನ್ನೇ ನಾಲ್ಕು ಸಲ ಕೇಳಿದ. ನಾನಿದ್ದೇನೆ, ನೀನು ಹೋಗು ಎಂದೆ. ವರಾಂಡದಲ್ಲಿ ಬಿಟ್ಟಿದ್ದ ಅವಳ ಚೀಲವನ್ನು ಹನುಮಮ್ಮ ಎತ್ತಿಟ್ಟಿದ್ದಳು. ಕೊಡುವ ಮೊದಲು ತೆರೆದು ನೋಡಿದೆ. ಒಂದು ಸೀರೆ, ಬಾಚಣಿಗೆ, ಫೋನಿನ ಚಾರ್ಜರ್, ಮಾವನ ಔಷಧಿಯ ಚೀಟಿಗಳು ದಿನಾಂಕದ ಪ್ರಕಾರ ಜೋಡಿಸಿದ್ದು. ನಾನು ಕೊಟ್ಟ ಸ್ಟ್ರಿಪ್ಪಿನಲ್ಲಿ ಮೂರು ಮಾತ್ರೆ ಉಳಿದಿದ್ದವು. ಅದನ್ನು ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಏಕೆ ತೆಗೆದೆನೆಂದು ನನಗೆ ಚೆನ್ನಾಗಿ ಗೊತ್ತು. ಇಲ್ಲಿ ಬರೆಯುವುದಿಲ್ಲ.

ಸಂಜೆ ಎರ್ರಣ್ಣ ಮಾಸ್ಕ್ ಬೇಡವೆಂದು ಹಠ ಮಾಡಲಿಲ್ಲ. ನಾನು ಹಾಕಿದೆ, ಹಾಕಿಸಿಕೊಂಡ.

ಡಿಸೆಂಬರ್ 11, ಗುರುವಾರ

ಡಾಕ್ಟರ್ ಶಶಿಕಾಂತ್ ಫಾರಂಗಳನ್ನೆಲ್ಲ ಹರಡಿಕೊಂಡು ಕುಳಿತಿದ್ದರು. ಅರವತ್ತೊಂದು ಜನ. ಐಸಿಯು ಸೇರಿದವರು ಹದಿನಾಲ್ಕು. ಅವರಲ್ಲಿ ಹನ್ನೊಂದು ಮಂದಿ ತಡವಾಗಿ ಬಂದವರು. ಹಳ್ಳಿಹಳ್ಳಿಗೆ ತಿಳಿಸಬೇಕಾದ ಮಾತು ಇದೇ, ಜ್ವರ ಬಂದ ಎರಡೇ ದಿನದೊಳಗೆ ಬನ್ನಿ, ಎಂದರು. ಆ ಹನ್ನೊಂದರಲ್ಲಿ ಮೀನಾಳ ಫಾರಂ ಇತ್ತು. ನಾನು ಖಾಲಿ ಬಿಟ್ಟ ಜಾಗದಲ್ಲಿ ಅವರ ಅಕ್ಷರದಲ್ಲಿ "ಐದು ದಿನ" ಎಂದಿತ್ತು. ಎದೆಯ ಎಕ್ಸ್-ರೇ ನೋಡಿ ಅಂದಾಜು ಮಾಡಿದ್ದಂತೆ. ಅವರ ಅಂದಾಜು ಸರಿಯಾಗಿಯೇ ಇತ್ತು.

ಅವಳು ಇಲ್ಲೇ ಇದ್ದಳಲ್ಲ ಸರ್ ಎಂದೆ. ನನ್ನ ಹತ್ತಿರ ಮೂರು ಸಲ ಬಂದಿದ್ದಳು, ಮಾತ್ರೆ ಕೊಟ್ಟು ಕಳಿಸಿದೆ, ಒಂದು ಸಲವೂ ಬೆರಳಿಗೆ ಕ್ಲಿಪ್ ಹಾಕಲಿಲ್ಲ ಎಂದೂ ಹೇಳಿದೆ. ಹೇಳುವಾಗ ದನಿ ಸರಿಯಾಗಿಯೇ ಇತ್ತು.

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ, "ಆಕಿ ಪೇಷಂಟ್ ಅಂತ ಬಂದದ್ದು ನಾಕನೇ ತಾರೀಖು, ಶೈಲಜಾ. ಅದಕ್ಕೂ ಮೊದ್ಲು ಆಕಿ ನಮ್ಮ ಲೆಕ್ಕದಾಗ ಇರ್ಲಿಲ್ಲ. ಬ್ಯಾರೆ ಬರದ್ರ ನಿಮ್ಮ ಹೆಸರು ಬರೀಬೇಕಾಗ್ತತಿ. ಮೂವತ್ತು ಮಂದಿನ್ನ ಇಬ್ರು ಹುಡುಗ್ಯಾರನ್ನ ಕಟ್ಕಂಡು ನೋಡೀರಿ ನೀವು. ಅದು ಬ್ಯಾಡ," ಎಂದರು.

ನನ್ನನ್ನು ಉಳಿಸಲು ಹೇಳಿದ ಮಾತು. ಕೆಟ್ಟವರಲ್ಲ ಅವರು. ಫಾರಂನ ಕೆಳಗೆ ನನ್ನ ಸಹಿ ಬೇಕಿತ್ತು. ಹಾಕಿದೆ.

ಡಿಸೆಂಬರ್ 13, ಶನಿವಾರ. ಕುರುಗೋಡು

ಎರಡು ದಿನ ರಜೆ ಹಾಕಿ ಅವ್ವನ ಹತ್ತಿರ ಬಂದಿದ್ದೇನೆ. ಎರ್ರಣ್ಣನ ಹತ್ತಿರ ಹನುಮಮ್ಮನನ್ನು ಬಿಟ್ಟು ಬಂದೆ. ಅಣ್ಣ ಅತ್ತಿಗೆ ಮದುವೆಗೆ ಹೋಗಿದ್ದರು. ಅವ್ವ ಜಗುಲಿಯ ಬಿಸಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತನಾಲ್ಕು ವರ್ಷ, ಬಿಪಿ, ಹೃದಯದ ಗುಳಿಗೆ, ಚುಚ್ಚುಮದ್ದು ಇಲ್ಲ. ಬಂದು ಕುಳಿತ ಕೂಡಲೇ ಮನಸ್ಸಿನಲ್ಲಿ ಅವಳಿಗೂ ಅಂಕ ಹಾಕಿದೆ. ನಾಲ್ಕು. ಈ ಚಟ ಬಿಡುತ್ತಿಲ್ಲ.

ನಾನೂ ಸುಲಿಯಲು ಕುಳಿತೆ. ಕಾಯಿ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಹೇಳಿದ್ದೆ. ಸ್ಟ್ರಿಪ್ಪು ಜೇಬಿಗೆ ಹಾಕಿಕೊಂಡದ್ದನ್ನೂ. ಅವ್ವನಿಗೆ ಫಾರಂ ಎಂದರೇನೆಂದು ತಿಳಿಸುವುದು ಕಷ್ಟವಾಯಿತು. ತಡವಾಗಿ ಬಂದವರ ಪಟ್ಟಿ ಎಂದೆ. ಆ ಪಟ್ಟಿಗೆ ಅವಳನ್ನು ಸೇರಿಸಿ ಸಹಿ ಮಾಡಿದೆ ಎಂದೆ.

ಅವ್ವ ಸಿಪ್ಪೆ ಬಳಿದು ಮೊರಕ್ಕೆ ತುಂಬಿದಳು. "ತಡಾ ಮಾಡಿ ಬಂದ್ಲು ಅಂತ ಬರದ್ಯಲ್ಲ, ಆಕಿ ಎಲ್ಲಿಂದ ಬರಬೇಕಿತ್ತು?" ಎಂದಳು.

ಅವ್ವ ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯಲು ಶುರುಮಾಡಿದಳು. ಎರಡು ರೊಟ್ಟಿ ತಿಂದೆ. ಊರಿಗೆ ಬಂದು ಊಟ ಮಾಡಿದೆನೆಂದು ಆಮೇಲೆ ನಾಚಿಕೆಯಾಯಿತು.

ಡಿಸೆಂಬರ್ 15, ಸೋಮವಾರ

ಡ್ಯೂಟಿಗೆ ಹೋದವಳೇ ಕಡತದ ಕಪಾಟು ತೆಗೆದು ಮೀನಾಳ ಫಾರಂ ಹುಡುಕಿದೆ. "ಐದು ದಿನ" ಎಂಬುದರ ಮೇಲೆ ಒಂದು ಗೆರೆ ಎಳೆದೆ, ಓದಲು ಬರುವಂತೆ. ಪಕ್ಕದಲ್ಲಿ ಬರೆದೆ: ತಡವಾಗಿ ಬಂದವರಲ್ಲ. ನವೆಂಬರ್ 26ರಿಂದ ಈ ಆಸ್ಪತ್ರೆಯಲ್ಲೇ ಮಾವನ ಆರೈಕೆಗೆ ಇದ್ದರು. ನವೆಂಬರ್ 29, ಡಿಸೆಂಬರ್ 1 ಮತ್ತು 2ರಂದು ವಾರ್ಡಿನ ಸಿಸ್ಟರಿಗೆ ತಲೆನೋವು, ಜ್ವರ ಹೇಳಿಕೊಂಡಿದ್ದರು. ಪರೀಕ್ಷೆ ಮಾಡಲಿಲ್ಲ. ಮಾತ್ರೆ ಕೊಟ್ಟು ಕಳಿಸಲಾಯಿತು. "ಕಳಿಸಲಾಯಿತು" ಎಂಬುದನ್ನು ಹೊಡೆದು "ಕಳಿಸಿದೆ" ಎಂದು ಮಾಡಿದೆ. ಸಹಿ ಹಾಕಿ ಡಾಕ್ಟರರ ಮೇಜಿನ ಮೇಲೆ ಇಟ್ಟೆ.

ಮಧ್ಯಾಹ್ನ ಹುಲಿಗೇಶ್ ಅಪ್ಪನನ್ನು ಕರೆದೊಯ್ಯಲು ಬಂದ. ತಲೆ ಬೋಳಿಸಿದ್ದ. ಮುದುಕನಿಗೆ ಕಾಣದಿರಲೆಂದು ಟವೆಲ್ ಸುತ್ತಿಕೊಂಡಿದ್ದ. ಬಾಗಿಲಲ್ಲಿ ನನ್ನನ್ನು ತಡೆದು, ಊರು ಮುಟ್ಟುವ ಮೊದಲು ಅಪ್ಪನಿಗೆ ತಿಳಿಯಬೇಕು, ತನ್ನ ಬಾಯಿಂದ ಬರುವುದಿಲ್ಲ, ನೀವೇ ಹೇಳಿ ಎಂದು ಕೇಳಿದ.

ಎರ್ರಣ್ಣ ಹಾಸಿಗೆಯ ಅಂಚಿನಲ್ಲಿ ಚಪ್ಪಲಿ ಹಾಕಿಕೊಂಡು ಕುಳಿತಿದ್ದ. ಎದುರಿನ ಸ್ಟೂಲಿನ ಮೇಲೆ ಕುಳಿತು ಹೇಳಿದೆ. ಮೀನಾಗೂ ಇದೇ ಜ್ವರ ಬಂತು, ಹತ್ತನೇ ತಾರೀಖು ಹೋದಳು ಎಂದೆ. ಸುತ್ತು ಹಾಕಿ ಹೇಳಲು ನನಗೆ ಬರುವುದಿಲ್ಲ.

ಮುದುಕ ಮಗನ ಟವೆಲ್ಲಿನ ಕಡೆ ನೋಡಿದ. "ಆರ್ ದಿನಾತು. ಒಬ್ರೂ ಆಕಿ ಹೆಸರು ಎತ್ತಲಿಲ್ಲ. ತಿಳಿದಿತ್ತು," ಎಂದ. ಆಮೇಲೆ, "ನನ್ನ ಜ್ವರ ಆಕಿ ತಗಂಡ್ಲು," ಎಂದ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮುದುಕನ ಮಾತು ಕೇಳಿದಮೇಲೆ ನನ್ನಿಂದ ಆಗಲಿಲ್ಲ. ಅದಷ್ಟೇ ಅಲ್ಲ ಎಂದೆ. ಮೂರು ಸಲ ನನ್ನ ಹತ್ತಿರ ಬಂದಿದ್ದಳು. ಮೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಆದರೂ ಪರೀಕ್ಷೆ ಮಾಡಲಿಲ್ಲ. ಬಸುರಿಯೇ ಎಂದು ಕೇಳಲಿಲ್ಲ. ಮತ್ತೆ ಬರಬಾರದೆಂದು ಹತ್ತು ಮಾತ್ರೆ ಒಟ್ಟಿಗೆ ಕೊಟ್ಟೆ. ಅವತ್ತೇ ಔಷಧಿ ಶುರು ಮಾಡಿದ್ದರೆ ಉಳಿಯಬಹುದಿತ್ತು. ಖಂಡಿತ ಎಂದು ಹೇಳಲಾರೆ, ಉಳಿಯಬಹುದಿತ್ತು. ಹೀಗೆಂದು ಆಸ್ಪತ್ರೆಯ ಕಾಗದದಲ್ಲೂ ಬರೆದಿದ್ದೇನೆ. ನೀವು ಯಾರಿಗಾದರೂ ದೂರು ಕೊಡುವುದಿದ್ದರೆ ನಾನು ಇಲ್ಲವೆನ್ನುವುದಿಲ್ಲ.

ಹುಲಿಗೇಶ್ ಕಿಟಕಿಯ ಹತ್ತಿರ ನಿಂತಿದ್ದವನು ಅಲ್ಲಿಂದಲೇ ಮಾತಾಡಿದ. ದನಿ ಎತ್ತಲಿಲ್ಲ.

"ಇದನ್ನ ನೀವು ಹೇಳಬಾರದಿತ್ತು ರೀ. ಅಲ್ಲಿ ಒಬ್ರಾದ್ರೂ ಆಕಿನ್ನ ನೋಡ್ಕಂಡ್ರು ಅಂತಿದ್ದೆ. ಮಣ್ಣು ಹಾಕುವಾಗೂ ಅದ ಅನ್ಕಂಡೆ. ನನ್ನ ಹತ್ರ ಅದೊಂದ ಇತ್ತು."

ಕಾಗದಗಳ ಕವರನ್ನು ತೆಗೆದುಕೊಂಡ. ಅಪ್ಪನನ್ನು ಎಬ್ಬಿಸಿ, ಭುಜಕ್ಕೆ ಕೈ ಕೊಟ್ಟು, ಮೆಟ್ಟಿಲ ಕಡೆ ನಡೆಸಿದ. ಲಿಫ್ಟ್ ಇದೆ ಎಂದು ಹೇಳಿದೆ. ತಿರುಗಿ ನೋಡಲಿಲ್ಲ.

ಸರಿ ಮಾಡಿದೆನೋ, ನನ್ನ ಎದೆ ಹಗುರ ಮಾಡಿಕೊಳ್ಳಲು ಅವನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡೆನೋ, ಇವತ್ತು ತಿಳಿಯುತ್ತಿಲ್ಲ. ಹಗುರವಂತೂ ಆಗಿಲ್ಲ.

ಡಿಸೆಂಬರ್ 18, ಗುರುವಾರ

ಡಾಕ್ಟರ್ ಶಶಿಕಾಂತ್ ಕರೆದರು. ಫಾರಂ ಎದುರಿಗೇ ಇತ್ತು. ಹರಿದು ಹಾಕಬಹುದಿತ್ತು, ಹಾಕಿಲ್ಲ. ಮೇಲಿನವರಿಗೆ ಕಳಿಸಲೇಬೇಕಾಯಿತು, ವಿಚಾರಣೆ ಮುಗಿಯುವವರೆಗೆ ನನ್ನನ್ನು ವಾರ್ಡಿನಿಂದ ತೆಗೆದು ನೆಲಮಹಡಿಯ ಉಪಕರಣ ಶುದ್ಧಿ ಕೋಣೆಗೆ ಹಾಕಿದ್ದಾರೆ ಎಂದರು. ತಮ್ಮ ಪಟ್ಟಿಯಲ್ಲಿ ಈಗ ತಡವಾಗಿ ಬಂದವರು ಹತ್ತು ಎಂದೂ ಹೇಳಿದರು. ಉಳಿದ ಹತ್ತು ಮಂದಿ ತಡವಾಗಿ ಬಂದಾಗ ಮನೆಯಲ್ಲಿ ಯಾರನ್ನು ಯಾರು ನೋಡಿಕೊಳ್ಳುತ್ತಿದ್ದರೋ, ಅದನ್ನು ನಾವು ಕೇಳಿಯೇ ಇಲ್ಲ ಎಂದೆ. ಕುರುಗೋಡಿನ ಕಲ್ಲು ಒಡೆಯುವವನ ಹೆಸರು ಉಚ್ಚೆಂಗೆಪ್ಪ. ವಾರ್ಡು ಬಿಡುವ ಮೊದಲು, ಇನ್ನೂ ಬೆಡ್ ಮೂರರಲ್ಲೇ ಇದ್ದ ಅವನನ್ನು ಕೇಳಿದೆ. ಆರು ದಿನ ಅವನ ಹೆಂಡತಿ ಜ್ವರದಲ್ಲಿ ಮಲಗಿದ್ದಳಂತೆ. ಅವಳು ಎದ್ದಮೇಲೆ ಇವನು ಬಂದದ್ದು.

ಡಿಸೆಂಬರ್ 23, ಮಂಗಳವಾರ

ಶುದ್ಧಿ ಕೋಣೆಯಲ್ಲಿ ಮಾತಾಡಲು ಯಾರೂ ಇಲ್ಲ. ಕತ್ತರಿ, ಇಕ್ಕಳ, ತಟ್ಟೆ, ಹಬೆ. ಒಂದಕ್ಕೆ ಊಟದ ಬಿಡುವು. ನಾಲ್ಕು ದಿನದಿಂದ ಆ ಹೊತ್ತಿಗೆ ಮೂರನೆಯ ಮಹಡಿಗೆ ಹೋಗುತ್ತೇನೆ. ಯಾರೂ ಹೋಗೆಂದಿಲ್ಲ, ಬೇಡವೆಂದೂ ಇಲ್ಲ. ಐಸಿಯು ಬಾಗಿಲ ಹೊರಗೆ ಕುಳಿತವರ ಹೆಸರು ಕೇಳಿ ಬೆರಳಿಗೆ ಕ್ಲಿಪ್ ಹಾಕುತ್ತೇನೆ.

ಇವತ್ತು ಒಂಬತ್ತು ಜನ. ಎಂಟು ಮಂದಿಗೆ ತೊಂಬತ್ತಾರರ ಮೇಲೆ. ಒಂಬತ್ತನೆಯವರು ಪಂಪಾವತಿ, ಐವತ್ತೆರಡು ವರ್ಷ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಕೆಲಸ. ಗಂಡ ಓಬಣ್ಣ ಒಳಗಿದ್ದಾರೆ. ತೊಂಬತ್ತೊಂದು ತೋರಿಸಿತು. ಜ್ವರ ಎರಡು ದಿನದಿಂದ ಇದೆ ಎಂದರು, ಯಾರಿಗೂ ಹೇಳಿಲ್ಲ. ಈಗಲೇ ಕೆಳಗೆ ಹೋಗಿ ತೋರಿಸಬೇಕು ಎಂದೆ. ಬಾಗಿಲನ್ನೊಮ್ಮೆ ನೋಡಿ ಒಲ್ಲೆನೆಂದು ತಲೆಯಾಡಿಸಿದರು. ನಾನು ಹನುಮಮ್ಮನನ್ನು ಕರೆದು ಅವರ ಜೊತೆಗೆ ಕಳಿಸಿ, ಅವರ ಚಾಪೆಯ ಮೇಲೆ ಕುಳಿತೆ.

ಒಂದೂವರೆ ಗಂಟೆಯ ಮೇಲೆ ಹನುಮಮ್ಮ ಒಬ್ಬಳೇ ಬಂದಳು. ದಾಖಲು ಮಾಡಿಕೊಂಡಿದ್ದಾರೆ, ಔಷಧಿ ಶುರುವಾಗಿದೆ, ಆದರೆ ಆಯಮ್ಮ ಮಂಚದ ಮೇಲೆ ಮಲಗುತ್ತಿಲ್ಲ, ಮೇಲೆ ಗಂಡನಿಗೆ ಯಾರೂ ಇಲ್ಲವೆಂದು ಎದ್ದೆದ್ದು ಬರುತ್ತಿದ್ದಾಳೆ ಎಂದಳು. ಮಗಳು ಸಿಂಧನೂರಿನಿಂದ ನಾಳೆ ಬೆಳಿಗ್ಗೆ ಬರುತ್ತಾಳಂತೆ. ನಾಳೆಯವರೆಗೆ ಶೈಲಜಾ ಇಲ್ಲೇ ಕೂತಿರುತ್ತಾಳೆ, ಎದ್ದು ಹೋಗುವುದಿಲ್ಲ ಎಂದು ಹೇಳು ಎಂದೆ. ಶುದ್ಧಿ ಕೋಣೆಗೆ ಫೋನ್ ಮಾಡಿ ರಜೆ ತಿಳಿಸಿದೆ.

ಇದನ್ನು ಓಬಣ್ಣನವರ ಔಷಧಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ಡೈರಿ ಮನೆಯಲ್ಲಿದೆ. ಐದು ಗಂಟೆಯಾಯಿತು. ನೆಲದ ತಂಪು ಚಾಪೆ ದಾಟಿ ಸೊಂಟಕ್ಕೆ ಹತ್ತುತ್ತಿದೆ. ಇಲ್ಲಿ ಕುಳಿತರೆ ಬಾಗಿಲ ಗಾಜಿನಲ್ಲಿ ಒಳಗಿನ ದೀಪ ಮಾತ್ರ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ಓಬಣ್ಣನ ಕಡೆಯವರು ಎಂದು ಒಳಗಿನಿಂದ ಯಾರೂ ಇನ್ನೂ ಕರೆದಿಲ್ಲ.